ಲಾಡಿ

ಹನ್ನೊಂದು ಸೆಕೆಂಡು.
ಕುಂಡ್ರತಾಳ, ಬೂಟಿನ ಲಾಡಿ ಕಟ್ತಾಳ, ಏಳತಾಳ.
ಅಷ್ಟ.
ನಾಕು ಕೋಟಿ ಮಂದಿ ನೋಡ್ಯಾರ.

ಗೋಲು ಹೊಡೆದದ್ದು ಬ್ಯಾರೆ ಅದಾವ, ಹುಡುಕಿದ್ರ ಸಿಗತಾವ,
ಮಳ್ಯಾಗ ಹೊಡೆದದ್ದು, ತಲೀಲೆ ಹೊಡೆದದ್ದು.
ಅವನ್ನ ಸಾವಿರದ ಲೆಕ್ಕದಾಗ ನೋಡ್ಯಾರ.
ಆಡೂದು ಬಿಟ್ಟು ಒಂಬತ್ತು ವರ್ಷಾದ ಮ್ಯಾಲ
ತನ್ನ ಮನಿ ಹೊಸ್ತಿಲದಾಗ ಕುಂತು ಲಾಡಿ ಕಟ್ಟಿದ್ದು
ಜಗತ್ತು ಸುತ್ತಿ ಬಂದು
ವಾಡಿ ಜಂಕ್ಷನ್ನಿನ ಟೂಲ್ ರೂಮಿನಾಗ
ಹಾರಿ, ಪಿಕಾಸಿ, ಗ್ರೀಸ್ ಡಬ್ಬಿ ನಡುವ
ನನ್ನ ಅಂಗೈಯಾಗ ಇಳಿದದ.

ಹೆಸರು ಚಿಗುಸಾ.
ನಮ್ಮತ್ತಿ ಬಾಯಾಗ ಚಿಗುರವ್ವ.
"ಯಾವೂರಾಕಿ? ಯಾರ ಪೈಕಿ? ಗಂಡ ಏನ್ ಮಾಡ್ತಾನ?"
ಜಪಾನದಾಕಿ, ಚೆಂಡು ಆಡತಿದ್ಳು, ಈಗ ಬಿಟ್ಟಾಳ, ಅಂದೆ.
"ಬಿಟ್ಟಾಕೀನ ಯಾಕ ನೋಡ್ತಾರ?"
ರೊಟ್ಟಿ ತಿರುವಿ ಹಾಕಿದೆ.

ನಸುಕಿನ ಐದಕ್ಕ ನನ್ನ ಬೀಟು ಸುರು,
ನಾಲವಾರ ಕಡೆ ಹಳಿಗುಂಟ ಆರು ಕಿಲೋಮೀಟರು.
ಹೋಗಬೇಕು, ತಿರುಗಿ ಬರಬೇಕು.
ಕ್ಲಿಪ್ಪು ಅಂದ್ರ ನಮಗ ಹಳಿ ಹಿಡಿದು ಕುಂತ ಕಬ್ಬಿಣದ್ದು.
ಸಡ್ಲಾಗಿದ್ರ ಸುತ್ತಿಗಿಲೆ ಒಂದು ಪೆಟ್ಟು,
ಸರಿ ಕುಂತ್ರ ಟಣ್ ಅಂತದ, ಇಲ್ಲಂದ್ರ ಡಬ್.
ಇಲಾಖೆ ಕೊಟ್ಟ ಬೂಟು ಗಂಡಸರ ಎಂಟು ನಂಬರು,
ನನ್ನ ಕಾಲು ಐದು.
ಮುಂದ ಹಳೆ ಪೇಪರ್ ತುರುಕತಿದ್ದೆ,
ಹಿಂದ ಹಿಮ್ಮಡಿ ಜಾರತಿತ್ತು,
ದಿನಾ ನಾಕು ಸಲ ಲಾಡಿ ಬಿಚ್ಚತಿತ್ತು.
ಬೆನ್ನಿಗೆ ಗಾಡಿ ಬರೂ ಹೊತ್ತಿನಾಗ
ಬಿಚ್ಚಿದ ಲಾಡಿ ಅಂದ್ರ ಏನಂತ
ಹಳಿ ಮ್ಯಾಲ ನಡೆದಾಕಿಗೆ ಕೇಳ್ರಿ.

ಇಕಿ ನಮ್ಮಂಗ ಕಟ್ಟಂಗಿಲ್ಲ.
ಒಂದು ಕಿವಿ ಮಾಡಿ, ಅದರ ಸುತ್ತ ಎರಡು ಸುತ್ತು,
ಒಂದಲ್ಲ, ಎರಡು,
ಆಮ್ಯಾಲ ಹಿಮ್ಮಡಿ ನೆಲಕ್ಕ ಒಮ್ಮೆ ಕುಟ್ಟಿ
ಮೆಲ್ಲಕ ಜಗ್ಗತಾಳ,
ಹಸುಗೂಸಿಗೆ ಕುಲಾಯಿ ಕಟ್ಟಿದಂಗ.
ಬಲಗಾಲ ಮೊಣಕಾಲಿಗೆ ಉದ್ದಕ ಹೊಲಿಗಿ ಗುರುತು.
ಅದರ ಬಗ್ಗೆ ಏನೂ ಹೇಳಂಗಿಲ್ಲ.
ಎದ್ದು, ಚೌಕಟ್ಟಿನ ಹೊರಗ ಹೋಗತಾಳ.
ಕಾಯಿಪಲ್ಯ ತರಲಿಕ್ಕೊ, ಅಂಗಳದಾಗ ಚೆಂಡು ಅದನೊ,
ನಾಕು ಕೋಟಿ ಮಂದೀಗೂ ಗೊತ್ತಿಲ್ಲ.

ನಾನೂ ಆಡತಿದ್ದೆ.
ರೇಲ್ವೆ ಸಾಲಿ ಮೈದಾನ, ಸಿಮೆಂಟಿನ ಧೂಳು,
ಹುಡುಗರು ಕಮ್ಮಿ ಬಿದ್ದ ದಿನ ಎಡಗಡೆ ನಿಂದರಿಸತಿದ್ರು.
ಬರಿಗಾಲು.
ಈ ಹುಡುಗಿ ಎಡಗಾಲು ಚಲೋ ಅದ, ಅಂತಿದ್ರು ಫ್ರಾಂಕ್ಲಿನ್ ಮಾಸ್ತರು.
ಒಂಬತ್ತನೆತ್ತದಾಗ ಬಿಟ್ಟೆ.
ಬಿಟ್ಟೆ ಅನ್ನೂದೂ ದೊಡ್ಡ ಮಾತು,
ಒಂದಿನ ನಾ ಹೋಗಲಿಲ್ಲ,
ಚೆಂಡು ಕರೀಲಿಕ್ಕ ಬರಲಿಲ್ಲ.
ಅದ ಕೊನೀ ಆಟ ಅಂತ
ಆಡುವಾಗ ಯಾರೂ ಹೇಳಿರಲಿಲ್ಲ,
ಗೊತ್ತಿದ್ರ ಇನ್ನೊಂದು ತಾಸು ನಿಲ್ಲತಿದ್ದೆ.

ಈಗ ನಮ್ಮ ಗ್ಯಾಂಗಿನಾಗ ಎಲ್ಲಾರದೂ ಜಪಾನ್ ಗಂಟು.
ಮೆಹಬೂಬ, ಸಿದ್ರಾಮ,
ನನ್ನ ಮಾತು ಎಂದೂ ಕಿವಿಗೆ ಹಾಕ್ಕೊಳ್ಳದ ಮೇಸ್ತ್ರಿ ಸುದ್ದಾ.
"ಯಾರು ಕಲಿಸಿದ್ರು?" ಅಂತಾನ.
ಚಿಗುರವ್ವ, ಅಂತೀನಿ.
"ನಾಲವಾರದಾಕೀನಾ?"
ಹೂಂ, ಅಂತೀನಿ.

ರಾತ್ರಿ ನಮ್ಮತ್ತಿ ಫೋನು ಇಸಗೊಂಡು ಕುಂಡ್ರತಾಳ,
ಜಲಮದಾಗ ಬೂಟು ಹಾಕದಾಕಿ,
ತನ್ನ ಎಲಿಅಡಿಕಿ ಚಂಚಿ ದಾರ ಅದ ನಮೂನಿ
ಸುತ್ತತಾಳ, ಬಿಚ್ಚತಾಳ, ಸುತ್ತತಾಳ.
"ಇನ್ನೊಮ್ಮಿ ಹಚ್ಚು."
ಹಚ್ಚತೀನಿ.
ಹೊಸ್ತಿಲು, ಬೂಟು, ಎರಡು ಸುತ್ತು, ಹಿಮ್ಮಡಿ.
"ಬಿಟ್ಟಾಕಿ ಅಂತೀ," ಅಂತಾಳ ಅತ್ತಿ ಕಣ್ಣು ಎತ್ತದ,
"ಬಿಟ್ಟಾಕಿ ಇಷ್ಟು ಬಿಗಿ ಕಟ್ತಾಳೇನ?"

ಚಂಚಿ ಈಗ ಅಕೀ ಕೈಲೆ ಬಿಚ್ಚವಲ್ದು.
ಎಲಿ ಬೇಕಂದ್ರ ನಡುರಾತ್ರಿ ನನ್ನ ಎಬ್ಬಸ್ತಾಳ.